ಇತರೆ ವಿವರ

ಹಾಸನದ ಬಸ್ಸು ಬಾಳ್ಳುಪೇಟೆಯಲ್ಲಿ ಇಳಿಸಿದಾಗ
ನನ್ನ ಚೀಲದಲ್ಲಿ ಇರುವುದು ಇಷ್ಟೇ:
ಒಂದು ಡಬ್ಬಿ ಗುಂಡುಸೂಜಿ, ಒಂದು ಉಂಡೆ ಹತ್ತಿ,
ಹದಿನಾಲ್ಕು ಪುಟದ ಫಾರಂ,
ಶಾಯಿ ಮುಗಿಯುತ್ತ ಬಂದ ಪೆನ್ನು.

ರೈಲ್ವೆ ಗೇಟು ದಾಟಿದರೆ ಕಾಲೋನಿ. ಮೂರನೇ ಮನೆ.
ಜವರಯ್ಯ, ಗಂಡು, ಮೂವತ್ತೆಂಟು.
ಕೆಲಸ: ಮೆಣಸು ಕೊಯ್ಯುವುದು, ಹಿಂದೆ.
ಆ 'ಹಿಂದೆ' ನಾನೇ ಸೇರಿಸಿದ್ದು.
'ಮುಂದೆ ಅಂತ ಬರ್ಕಳಿ ಮೇಡಂ, ಜಾಗ ಐತೆ' ಅಂದ.

ಸಿಲ್ವರ್ ಮರದಿಂದ ಬಿದ್ದದ್ದು ಫೆಬ್ರವರಿಯಲ್ಲಿ.
ಏಣಿ ಕಟ್ಟಿದ ಹುರಿ ಸವೆದಿತ್ತಂತೆ.
'ಏಣಿ ಹುರಿ ಹೋಯ್ತು, ಬೆನ್ನುಹುರಿನೂ ಹೋಯ್ತು.
ಮೊದಲ್ನೇದು ಸಂತೇಲಿ ನಲವತ್ತು ರೂಪಾಯಿ.
ಹೆಸರೇ ಜವರಯ್ಯ ಅಂತ ಇಟ್ಟವ್ರೆ, ಇನ್ನ ಆ ಜವರಾಯ ಬಂದು
ಯಾರ್ನ ಕರ್ಕಂಡೋಗ್ತಾನೆ, ತನ್ನನ್ನೇನಾ?'
ಚಿಕ್ಕತಾಯಮ್ಮ ನಗುವುದಿಲ್ಲ.
ಎರಡು ಗಂಟೆಗೊಮ್ಮೆ ಅವನ ಮಗ್ಗುಲು ಬದಲಿಸಬೇಕು,
ರಾತ್ರಿಯೂ. ಅವಳ ನಿದ್ದೆ ಚೂರು ಚೂರು.

ನಮ್ಮ ಅಧ್ಯಯನದಲ್ಲಿ ಎರಡು ಗುಂಪು.
ಒಂದರ ಸೊಂಟಪಟ್ಟಿಯಲ್ಲಿ ಕರೆಂಟು ಹರಿಯುತ್ತದೆ,
ಇನ್ನೊಂದರಲ್ಲಿ ಬರೀ ಹಸಿರು ದೀಪ ಉರಿಯುತ್ತದೆ.
ಯಾರಿಗೆ ಯಾವುದೆಂದು ಹಾಸನದ ಒಂದು ಬೀರುವಿನಲ್ಲಿ
ಅರಗು ಹಾಕಿದ ಲಕೋಟೆಗೆ ಗೊತ್ತು.
ನನಗೆ ಗೊತ್ತಿಲ್ಲ. ಗೊತ್ತಿರಬಾರದು.
ಒಳ್ಳೆಯ ನಿಯಮ, ಒಪ್ಪುತ್ತೇನೆ:
ಆಸೆಪಟ್ಟ ಕೈ ಸೂಜಿಯನ್ನು ತುಸು ಹೆಚ್ಚೇ ಒತ್ತುತ್ತದೆ.
ಆದರೂ ಒಪ್ಪಿಗೆ ಪತ್ರ ಓದಿದ ದಿನ
'ನಿಮಗೆ ಯಾವ ಪ್ರಯೋಜನವೂ ಆಗದೇ ಇರಬಹುದು'
ಎಂಬಲ್ಲಿ ನನ್ನ ದನಿ ಸಣ್ಣದಾಯಿತು.
'ಜೋರಾಗಿ ಓದಿ' ಅಂದ, 'ಅದೊಂದೇ ನಿಜ ಇದ್ದಂಗೈತೆ.'
ಆಮೇಲೆ ಸಹಿ ಹಾಕಿದ, ದುಂಡಗೆ.

ಕಣ್ಣು ಮುಚ್ಚಿ. ಚೂಪೋ ಮೊಂಡೋ ಹೇಳಿ.
ಹೆಗಲು: ಚೂಪು. ಎದೆ: ಚೂಪು.
ಹೊಕ್ಕುಳು, ನಮ್ಮ ನಕ್ಷೆಯಲ್ಲಿ ಎದೆಯ ಹತ್ತನೇ ನರ,
ಅಲ್ಲಿಗೆ ಅವನ ಊರು ಮುಗಿಯುತ್ತದೆ.
ಆಚೆಗೆ ತೊಡೆ, ಮಂಡಿ, ಮೀನಖಂಡ,
ಸೊನ್ನೆ ಸೊನ್ನೆ ಸೊನ್ನೆ.
ಈ ಹೆಬ್ಬೆರಳು ಒಂದು ಕಾಲಕ್ಕೆ
ಅರವತ್ತು ಅಡಿ ಮೇಲೆ ತೊಗಟೆಯನ್ನು ಒತ್ತಿ ನೋಡಿ
ಇದು ಹಸಿ, ಜಾರುತ್ತೆ, ಇದು ಒಣ, ಹಿಡಿ, ಅನ್ನುತ್ತಿತ್ತು.
ಈಗ ಸೊನ್ನೆ.

ಗೂಡ್ಸ್ ಗಾಡಿಯೊಂದು ಘಾಟಿಯ ಕಡೆ ಹೋಗುತ್ತದೆ.
'ಮಂಚದ ಕಾಲು ನಡುಗ್ತಾವೆ ನೋಡಿ. ನನ್ನವು ಗಟ್ಟಿ.'

ಒಂಬತ್ತನೇ ಭೇಟಿ. ಕಣ್ಣು ಮುಚ್ಚಿದ್ದಾನೆ.
ನಾನಿನ್ನೂ ಸೂಜಿಯ ಮೊನೆ ಒರೆಸುತ್ತಿದ್ದೇನೆ.
'ಎಡಗಾಲು' ಅಂದ. 'ಇರುವೆ.'
ನಾನಿನ್ನೂ ಮುಟ್ಟೇ ಇಲ್ಲ, ಅಂದೆ.
'ನೀವಲ್ಲ. ಇರುವೆ.'

ಬಗ್ಗಿ ನೋಡಿದೆ. ಕಿರುಬೆರಳಿನ ಪಕ್ಕ
ಒಂದು ಗೊದ್ದ, ಕರ್ರಗೆ,
ಏಣಿಯಿಲ್ಲದೆ ಹತ್ತುತ್ತಿತ್ತು.
ಚಿಕ್ಕತಾಯಮ್ಮ ಚೊಂಬು ಹಿಡಿದವಳು
ಚೊಂಬನ್ನೂ ಇಳಿಸಲಿಲ್ಲ, ಉಸಿರನ್ನೂ.

ಅದೇ ಜಾಗಕ್ಕೆ ಸೂಜಿ ಒತ್ತಿದೆ. ಚೂಪೋ?
'ಏನಿಲ್ಲ.'
ಹತ್ತಿ?
'ಏನಿಲ್ಲ.'
ಮತ್ತೊಮ್ಮೆ. ಏನಿಲ್ಲ.
ಅಷ್ಟರಲ್ಲಿ ಗೊದ್ದ ಮಂಚದ ಪಟ್ಟಿಗೆ ದಾಟಿತ್ತು.
ಇರುವೆಯಿಲ್ಲದ ದಿನ ಈ ಮನೆಯಲ್ಲಿ ಯಾವುದಿದೆ,
ಊಹೆಯೂ ಇರಬಹುದು. ಹಸಿರು ದೀಪವೂ ಇರಬಹುದು.

ಎಡಪಾದ, ಹೊರ ಅಂಚು: ಸೊನ್ನೆ. ಬರೆದೆ.
ಆಮೇಲೆ ಕೊನೆಯ ಪುಟ ತಿರುವಿದೆ.
ಅಲ್ಲಿ 'ಇತರೆ ವಿವರ' ಎಂದು ಎರಡು ಗೆರೆ ಬಿಟ್ಟಿದ್ದಾರೆ,
ಇಷ್ಟು ದಿನ ಯಾರೂ ತುಂಬದ ಜಾಗ.
ಪೆನ್ನು ಕೊಡವಿ, ಹೊತ್ತು ಹಾಕಿ, ಬರೆದೆ:
ಇರುವೆ, ಒಂದು. ರೋಗಿ ಮೊದಲು ಹೇಳಿದರು,
ನಾನು ಆಮೇಲೆ ನೋಡಿದೆ.

ಹಾಸನದಲ್ಲಿ ಡಾಕ್ಟರು ಕನ್ನಡಕ ತೆಗೆದು ನಕ್ಕಾರು,
ಲೆಕ್ಕಕ್ಕೆ ಬರಲ್ಲ ಅಂದಾರು. ಸರಿಯೇ, ಬರಲ್ಲ.

ಚಪ್ಪಲಿ ಮೆಟ್ಟುತ್ತ ಒಳಗೆ ಇಣುಕಿದೆ.
ಚಿಕ್ಕತಾಯಮ್ಮ ಸಕ್ಕರೆ ಡಬ್ಬಿ ತೆಗೆದು
ಅವನ ಎರಡೂ ಪಾದದ ಬಳಿ
ಚಿಟಿಕೆ ಚಿಟಿಕೆ ಉದುರಿಸುತ್ತಿದ್ದಳು,
'ಕಣ್ ಬಿಡಬ್ಯಾಡ' ಅನ್ನುತ್ತ.